ನೆರಳು ಸರಿಯುತ್ತದೆ, ಕೆಂಚಿ ಸರಿಯಲಾರಳು

ಹೋದ ಏಪ್ರಿಲ್‌ನಲ್ಲಿ ಒಂದು ದಿನ ಬೆಳಗ್ಗೆ ಹತ್ತಕ್ಕೆ ಕೆಂಚಿಯನ್ನು ಬೇವಿನ ಮರದ ನೆರಳಲ್ಲಿ ಮಲಗಿಸಿ, ಮೂತಿಯ ಹತ್ತಿರ ನೀರಿಟ್ಟು ಬಳ್ಳಾರಿಗೆ ಹೋದೆ. ಹನ್ನೆರಡರೊಳಗೆ ಕುಡತಿನಿಗೆ ವಾಪಸ್ ಬರುತ್ತೇನೆ ಅಂದುಕೊಂಡವಳು ಮನೆ ಸೇರಿದಾಗ ಒಂದೂವರೆ. ಬೆಳಗ್ಗೆ ಪಡುವಣಕ್ಕೆ ಉದ್ದಕ್ಕೆ ಚಾಚಿದ್ದ ನೆರಳು ಮುದುಡಿಕೊಂಡು ಮರದ ಬುಡಕ್ಕೆ ಸೇರಿತ್ತು. ಕೆಂಚಿ ಬಿಸಿಲಲ್ಲಿದ್ದಳು. ಮಣ್ಣಿನ ಮೇಲೆ ಎರಡು ಮೊಳ ಉದ್ದದ ಗೆರೆ ಬಿದ್ದಿತ್ತು. ಮುಂಗಾಲು ಊರಿ, ಹಿಂದಿನ ಭಾಗವನ್ನು ಎಳೆದುಕೊಂಡು ನೆರಳಿನ ಕಡೆ ಹೊರಟವಳು ಅರ್ಧದಲ್ಲೇ ಸೋತಿದ್ದಳು. ನೀರಿನ ಬೋಗುಣಿ ಹಿಂದೆಯೇ ಉಳಿದಿತ್ತು.

ಹೊಟ್ಟೆಗೆ, ಕಾಲಿಗೆ ನೀರು ಸುರಿದು, ಫ್ಯಾನಿನ ಕೆಳಗೆ ಹಾಕಿ, ಡಾಕ್ಟರನ್ನು ಕರೆಸಿ ಅವಳನ್ನು ಉಳಿಸಿಕೊಂಡೆ. ಆದರೆ ಆ ಎರಡು ಮೊಳದ ಗೆರೆ ನನ್ನ ಕಣ್ಣಿಂದ ಹೋಗಿಲ್ಲ. ಗಟ್ಟಿಮುಟ್ಟಾದ ನಾಯಿ ದಿನಕ್ಕೆ ನೂರು ಸಲ ಜಾಗ ಬದಲಿಸುತ್ತದೆ. ಬಿಸಿಲು ಬಂದರೆ ನೆರಳಿಗೆ ಹೋಗುತ್ತದೆ, ಒಂದು ಮಗ್ಗುಲು ನೊಂದರೆ ಇನ್ನೊಂದಕ್ಕೆ ಹೊರಳುತ್ತದೆ, ಮಲಗಿದ ಜಾಗದಿಂದ ದೂರ ಹೋಗಿ ಉಚ್ಚೆ ಹೊಯ್ಯುತ್ತದೆ, ಬೀದಿಯ ತುದಿಯಲ್ಲಿ ಏನೋ ವಾಸನೆ ಬಂದರೆ ಎದ್ದು ನೋಡಿಬರುತ್ತದೆ. ಇದನ್ನೆಲ್ಲ ಅದರ ಕಾಲು ಮಾಡುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಕಾಲು ಸೋತ ಮೇಲೆ ಆ ಒಂದೊಂದು ಕೆಲಸವೂ ನಮ್ಮ ಪಾಲಿಗೆ ಬರುತ್ತದೆ. ಮುದಿ ನಾಯಿಯನ್ನು ಹೇಗೆ ನೋಡಿಕೊಳ್ಳಬೇಕು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಈ ಹೊತ್ತಿನಲ್ಲಿ ಇದರ ಕಾಲು ಗಟ್ಟಿಯಿದ್ದಿದ್ದರೆ ಏನು ಮಾಡುತ್ತಿತ್ತು ಅಂತ ಗಂಟೆಗೊಮ್ಮೆ ಕೇಳಿಕೊಳ್ಳಿ, ಅದನ್ನು ನೀವು ಮಾಡಿ.

ಕೆಂಚಿ ನಮ್ಮ ಬೀದಿಯ ನಾಯಿ. ಹನ್ನೆರಡೋ ಹದಿಮೂರೋ ವರ್ಷ ಇರಬೇಕು. ಮರಿಯಾಗಿದ್ದಾಗಿನಿಂದ ನೋಡಿದವರು ಲೆಕ್ಕ ಹೇಳುತ್ತಾರೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದುವುದಿಲ್ಲ. ಹೊಸಪೇಟೆ–ಬಳ್ಳಾರಿ ಹೆದ್ದಾರಿ ಊರಿನ ಮಗ್ಗುಲಲ್ಲೇ ಇದೆ, ಹಗಲೂ ರಾತ್ರಿ ಲಾರಿ. ಎಂಟು ವರ್ಷದ ಹಿಂದೆ ಅದರಲ್ಲೊಂದು ಅವಳ ಸೊಂಟಕ್ಕೆ ಬಡಿದುಹೋಗಿತ್ತು. ಆಗ ಬದುಕಿದಳು, ಕುಂಟುತ್ತಲೇ ಬೀದಿ ಕಾದಳು. ಎರಡು ವರ್ಷದಿಂದ ಹಿಂಗಾಲು ನಿಲ್ಲುತ್ತಿಲ್ಲ. ಮನೆಗೆ ತಂದುಕೊಂಡ ದಿನ ಎದುರು ಮನೆಯ ಅಜ್ಜಿ, "ಇನ್ನೆಷ್ಟು ದಿನ ಇರ್ತೈತೆ ತಂಗಿ ಅದು, ಸುಮ್ನೆ ಯಾಕ ಮೈಮ್ಯಾಲೆ ಹಾಕ್ಕಂತಿ" ಅಂದರು. ಮರುದಿನ ಹಾಲನ್ನದ ಬಟ್ಟಲು ಹಿಡಿದು ಬಂದವರೂ ಅವರೇ. ಮೈಲಾರಲಿಂಗನ ಒಕ್ಕಲು ಅವರದು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವರು ಕಂಬಳಿ ತೊಟ್ಟು, ಮರದ ದೋಣಿಯಲ್ಲಿ ಹಾಕಿದ್ದನ್ನು ನಾಯಿಯಂತೆ ಬೊಗಳುತ್ತಾ ತಿನ್ನುತ್ತಾರೆ. ದೇವರ ಎದುರು ಮನುಷ್ಯನೇ ನಾಯಾಗಿ ನಿಲ್ಲುವ ಸೀಮೆ ಇದು.

ವಯಸ್ಸಾಯ್ತು ಅಂತ ಬಿಡಬೇಡಿ

"ವಯಸ್ಸಾಯ್ತು, ಅದಕ್ಕೇ ನಡೀತಿಲ್ಲ" ಎನ್ನುವ ಮಾತು ಬಹಳ ನಾಯಿಗಳ ನೋವನ್ನು ಮುಚ್ಚಿಹಾಕಿದೆ. ವಯಸ್ಸು ರೋಗವಲ್ಲ. ನಡಿಗೆ ನಿಲ್ಲುವುದಕ್ಕೆ ಕಾರಣ ಬೇರೆ ಇರುತ್ತದೆ, ಅದರಲ್ಲಿ ಕೆಲವು ವಾಸಿಯಾಗುವಂಥವು. ಕೀಲುಗಳ ಸವೆತ ಸಾಮಾನ್ಯ. ಅದು ಪೂರ್ತಿ ಹೋಗುವುದಿಲ್ಲ, ನೋವು ಮಾತ್ರ ಬಹಳ ಮಟ್ಟಿಗೆ ಇಳಿಯುತ್ತದೆ. ನಮ್ಮ ಕಡೆ ಮರೆಯಬಾರದ ಇನ್ನೊಂದು ಉಣ್ಣಿ ಜ್ವರ. ಉಣ್ಣಿ ಕಚ್ಚಿ ರಕ್ತಕ್ಕೆ ಸೇರುವ ಸೋಂಕಿನಿಂದ ಕೀಲು ನೋವು, ನಿಶ್ಶಕ್ತಿ ಬಂದು ನಾಯಿ ಮೂಲೆ ಹಿಡಿಯುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಔಷಧ ಕೊಟ್ಟರೆ ಎದ್ದು ಓಡಾಡಿದ ನಾಯಿಗಳನ್ನು ನಾನೇ ನೋಡಿದ್ದೇನೆ. ಬೆನ್ನುಹುರಿಯ ತೊಂದರೆ ಮೂರನೆಯದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನಾಯಿಯ ಹೊಟ್ಟೆಗೆ ಆಸರೆ ಕೊಟ್ಟು ನಿಲ್ಲಿಸಿ, ಹಿಂಗಾಲಿನ ಪಂಜವನ್ನು ಮೆಲ್ಲಗೆ ಮಡಚಿ ಮೇಲುಭಾಗ ನೆಲಕ್ಕೆ ತಾಗುವಂತೆ ಇಡಿ. ನರ ಸರಿಯಿದ್ದರೆ ತಕ್ಷಣ ತಿರುಗಿಸಿಕೊಳ್ಳುತ್ತದೆ. ಹಾಗೇ ಬಿಟ್ಟರೆ, ಅಥವಾ ನಡೆಯುವಾಗ ಉಗುರು ನೆಲಕ್ಕೆ ಉಜ್ಜಿ ಮುಂಭಾಗ ಸವೆದಿದ್ದರೆ ತೊಂದರೆ ನರದಲ್ಲಿದೆ ಎಂದು ಡಾಕ್ಟರಿಗೆ ಹೇಳಿ. ನಿನ್ನೆ ನಡೆದ ನಾಯಿ ಇವತ್ತು ಏಕಾಏಕಿ ಹಿಂಗಾಲು ಎಳೆದರೆ, ಇಲ್ಲವೇ ಉಚ್ಚೆ ಕಟ್ಟಿದರೆ ನಾಳೆಗೆ ತಳ್ಳಬೇಡಿ. ಉಚ್ಚೆ ತಟತಟ ಸೋರುತ್ತಿದ್ದರೆ ಹೋಗುತ್ತಿದೆಯಲ್ಲ ಎಂದು ನಿರಾಳರಾಗಬೇಡಿ. ಮೂತ್ರಕೋಶ ತುಂಬಿ ಉಕ್ಕಿ ಬರುವುದೂ ಹಾಗೇ ಕಾಣುತ್ತದೆ.

ದನದ ಆಸ್ಪತ್ರೆಗೆ ಒಯ್ಯುವ ಮೊದಲು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬೆಳಗ್ಗೆ ಮೊದಲ ಸಲ ಏಳುವಾಗಿನದು ಒಂದು, ನಡೆಯುವುದು ಒಂದು. ಆಸ್ಪತ್ರೆಯ ಗಾಬರಿಯಲ್ಲಿ ನಾಯಿ ನೋವು ಮರೆತು ನೆಟ್ಟಗೆ ನಿಂತುಬಿಡುತ್ತದೆ, ಡಾಕ್ಟರಿಗೆ ಮನೆಯ ಕಷ್ಟ ಕಾಣುವುದಿಲ್ಲ. ಸರ್ಕಾರದ ಪಶು ಸಂಜೀವಿನಿ ಗಾಡಿಗೆ 1962ಕ್ಕೆ ಕರೆ ಮಾಡಬಹುದು. ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವ ಸೇವೆ, ಆದರೂ ಕೇಳುವುದರಲ್ಲಿ ತಪ್ಪಿಲ್ಲ. ಎಕ್ಸ್‌ರೇ, ಶಸ್ತ್ರಚಿಕಿತ್ಸೆಯಂಥ ದೊಡ್ಡ ಕೆಲಸಕ್ಕೆ ನಮ್ಮ ಡಾಕ್ಟರು ಚೀಟಿ ಬರೆದರೆ ಗದುಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಇರುವ ಹಳೆಯ ಕಾಲೇಜಿದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮನೆಯಲ್ಲಿರುವ ನೋವಿನ ಮಾತ್ರೆ ನಾಯಿಗೆ ಹಾಕಬೇಡಿ. ನಮಗೆ ಒಗ್ಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆ, ಯಕೃತ್ತು, ಮೂತ್ರಪಿಂಡ ಕೆಡಿಸುತ್ತವೆ, ಕೊಲ್ಲಲೂಬಹುದು. ಡೈಕ್ಲೋಫೆನಾಕ್ ಹಾಕಿದ ದನಗಳ ಹೆಣ ತಿಂದು ರಣಹದ್ದುಗಳ ಸಂತಾನವೇ ನಶಿಸಿತೆಂದು ತಿಳಿದ ಮೇಲೆ 2006ರಲ್ಲಿ ಪ್ರಾಣಿಗಳಿಗೆ ಅದನ್ನು ಕೊಡುವುದಕ್ಕೆ ದೇಶದಲ್ಲಿ ತಡೆ ಬಿತ್ತು. ನಾಯಿಗೆ ಒಗ್ಗುವ ಬೇರೆ ಔಷಧಗಳಿವೆ, ಮೆಲಾಕ್ಸಿಕಾಂ, ಕಾರ್ಪ್ರೊಫೆನ್ ಮುಂತಾದವು. ಅಳತೆ ನಾಯಿಯ ತೂಕ ನೋಡಿ ಡಾಕ್ಟರು ಬರೆಯಬೇಕು. ಹೊಟ್ಟೆಗೆ ಹಾಕಿದ ಮೇಲೆಯೇ ಕೊಡಿ. ವಾಂತಿ ಬಂದರೆ, ಕಕ್ಕ ಕಪ್ಪಾಗಿ ಟಾರಿನಂತಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ನೋವಿನ ಔಷಧ ಸರಿಯಾಗಿ ಸಿಕ್ಕ ಮೂರನೆಯ ದಿನ ಕೆಂಚಿ ಒಂದು ವರ್ಷದಿಂದ ನಿಲ್ಲಿಸಿದ್ದ ಕೆಲಸ ಮಾಡಿದಳು. ಹಾಲಿನವನ ಗಾಡಿಯ ಸದ್ದಿಗೆ ಮಲಗಿದಲ್ಲಿಂದಲೇ ಬೊಗಳಿದಳು.

ನೆಲ, ಹಾಸಿಗೆ, ಎತ್ತುವ ಪಟ್ಟಿ

ಈಗಿನ ಮನೆಗಳ ನೆಲ ಮುದಿ ನಾಯಿಗೆ ಶತ್ರು. ಟೈಲ್ಸ್, ಗ್ರಾನೈಟ್, ನುಣುಪು ಮಾಡಿದ ಕಡಪ ಕಲ್ಲು, ಯಾವುದರ ಮೇಲೂ ಪಂಜ ಹಿಡಿತ ಸಿಗದೆ ಹಿಂಗಾಲು ಎರಡೂ ಕಡೆ ಜಾರಿ ಅಗಲವಾಗುತ್ತವೆ. ಹಾಗೆ ಎರಡು ಸಲ ಬಿದ್ದ ನಾಯಿ ಮೂರನೆಯ ಸಲ ಏಳುವ ಗೋಜಿಗೇ ಹೋಗುವುದಿಲ್ಲ. ಶಕ್ತಿ ಇದ್ದರೂ ಧೈರ್ಯ ಇರುವುದಿಲ್ಲ. ಹಾಸಿಗೆಯಿಂದ ನೀರಿನವರೆಗೆ, ನೀರಿನಿಂದ ಬಾಗಿಲಿನವರೆಗೆ ಗೋಣಿಚೀಲ ಹಾಸಿ ಒಂದು ದಾರಿ ಮಾಡಿ. ಚೀಲದ ಅಂಚು ಮಡಚಿಕೊಳ್ಳದಂತೆ ಹೊಲಿದುಬಿಡಿ, ಅಡಿಗೆ ರಬ್ಬರ್ ಶೀಟ್ ಇದ್ದರೆ ಇನ್ನೂ ಒಳ್ಳೆಯದು. ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ತುಂಡು ಬಟ್ಟೆ ರಾಶಿ ಬೀಳುತ್ತದೆ. ಅದನ್ನು ಜೋಡಿಸಿ ಹೊಲಿದ ಹಾಸಿಗೆ ಜಾರುವುದಿಲ್ಲ, ಹರಿಯುವುದಿಲ್ಲ, ಎಷ್ಟು ಒಗೆದರೂ ತಡೆಯುತ್ತದೆ. ಪಂಜದ ನಡುವಿನ ಕೂದಲು, ಬೆಳೆದ ಉಗುರು ಕತ್ತರಿಸುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ಓಡಾಡದ ನಾಯಿಗೆ ಉಗುರು ಸವೆಯುವುದಿಲ್ಲ, ಬೆಳೆದ ಉಗುರು ಪಂಜವನ್ನು ಸೊಟ್ಟ ಮಾಡುತ್ತದೆ.

ಮಲಗುವುದಕ್ಕೆ ನಾಲ್ಕು ಬೆರಳು ದಪ್ಪದ ಗಟ್ಟಿ ಫೋಮ್ ಇರಲಿ, ಹಳೆಯ ಕಾರಿನ ಸೀಟಿನದಾದರೂ ಆದೀತು. ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕೌದಿ. ಕೌದಿಗೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಅಂತ ನನಗನ್ನಿಸುತ್ತದೆ. ಹಳೇ ಸೀರೆಯ ಮೆತ್ತನೆಯ ಪದರು, ಬೆವರು ಹೀರುತ್ತದೆ, ಬಿಸಿಲಿಗೆ ಹಾಕಿದರೆ ಒಂದು ಗಂಟೆಯಲ್ಲಿ ಒಣಗುತ್ತದೆ. ಎರಡು ಮೂರು ಕೌದಿ ಇಟ್ಟುಕೊಂಡರೆ ತಿರುಗಿಸಿ ತಿರುಗಿಸಿ ಹಾಕಬಹುದು. ಭತ್ತದ ಹುಲ್ಲು ತುಂಬಿದ ಚೀಲವೂ ಮೆತ್ತಗಿರುತ್ತದೆ, ಸಿರುಗುಪ್ಪ ಕಡೆಯವರಿಗೆ ಸುಲಭಕ್ಕೆ ಸಿಗುತ್ತದೆ. ಆದರೆ ಹುಳಹುಪ್ಪಡಿ ಸೇರುತ್ತದೆ, ವಾರಕ್ಕೊಮ್ಮೆ ಹುಲ್ಲು ಬದಲಿಸಲೇಬೇಕು.

ತಾನಾಗಿ ಹೊರಳಲಾರದ ನಾಯಿಯನ್ನು ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ರಾತ್ರಿ ಒಂದು ಸಲವಾದರೂ ಏಳಬೇಕಾಗುತ್ತದೆ. ಮೊಣಕೈ, ಸೊಂಟದ ಮೂಳೆ, ಹೆಗಲು, ಈ ಮೂರು ಕಡೆ ಮೊದಲು ಕೂದಲು ಉದುರುತ್ತದೆ, ಆಮೇಲೆ ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು. ಕೆಂಪಾದಾಗಲೇ ಎಚ್ಚರಾಗಬೇಕು.

ಎತ್ತುವ ಪಟ್ಟಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದೊಂದು ವಸ್ತುವಿನಿಂದ ನಮ್ಮಿಬ್ಬರ ದಿನವೇ ಬದಲಾಯಿತು. ಮೊದಲು ಪಂಚೆಯನ್ನು ಮಡಚಿ ಹೊಟ್ಟೆಯಡಿ ಹಾಕಿ ಎತ್ತುತ್ತಿದ್ದೆ. ಅದು ಹಗ್ಗದಂತೆ ಸುರುಳಿಯಾಗಿ ಅವಳ ಹೊಟ್ಟೆ ಕುಯ್ಯುತ್ತಿತ್ತು, ಅವಳು ತಿರುಗಿ ಕೈ ಹಿಡಿಯಲು ಬರುತ್ತಿದ್ದಳು. ನಮ್ಮ ಓಣಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ನೋಡಿದವರೇ, "ಪ್ಯಾಂಟಿನ ಸೊಂಟಪಟ್ಟಿನೇ ಹಿಡಿಕಿ ಮಾಡ್ತೀನಿ ತಂಗಿ, ಹರಿಯಂಗಿಲ್ಲ ನೋಡು" ಅಂದರು. ಹಳೇ ಜೀನ್ಸಿನ ಕಾಲುಗಳನ್ನು ಬಿಚ್ಚಿ, ಒಂದು ಗೇಣು ಅಗಲದ ಎರಡು ಪದರು ಮಾಡಿ, ನಡುವೆ ಹಳೆ ಟವೆಲ್ ಇಟ್ಟು ಹೊಲಿದರು. ಎರಡೂ ತುದಿಗೆ ಸೊಂಟಪಟ್ಟಿಯ ಹಿಡಿಕೆ, ನಾನು ಬಗ್ಗದೆ ಹಿಡಿಯುವಷ್ಟು ಉದ್ದ. ಹಿಂಗಾಲಿಗೆ ಸ್ವಲ್ಪ ಮುಂದೆ, ಹೊಟ್ಟೆಯಡಿ ಪಟ್ಟಿ ತೂರಿಸಿ ಸೊಂಟವನ್ನು ನೆಟ್ಟಗಾಗುವಷ್ಟು ಮಾತ್ರ ಎತ್ತಬೇಕು, ನಾಯಿಯನ್ನು ನೇತುಹಾಕಬಾರದು. ಗಂಡು ನಾಯಿಗಾದರೆ ಮೂತ್ರದ ಜಾಗ ಬಿಟ್ಟು ಪಟ್ಟಿ ಕತ್ತರಿಸಿಕೊಳ್ಳಬೇಕು. ಮುಂಗಾಲು ಅವಳದು, ಹಿಂಗಾಲು ನಂದು. ಹಾಗೆ ದಿನಕ್ಕೆ ಐದು ಸಲ ಹಿತ್ತಲಿಗೆ ಹೋಗಿಬರುತ್ತೇವೆ.

ಪೂರ್ತಿ ಎತ್ತಬೇಕಾದಾಗ ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ ಇಟ್ಟು ಬೆನ್ನು ಸಮನಾಗಿರುವಂತೆ ಎತ್ತಿ. ಮುಂಗಾಲು ಹಿಡಿದು ಎಳೆಯುವುದು, ಕಂಕುಳಲ್ಲಿ ನೇತಾಡಿಸುವುದು ಬೇಡ.

ಮಲಗಿದಲ್ಲೇ ಕಾಲಿಗೆ ಕಸರತ್ತು ಬೇಕು. ಸೈಕಲ್ ತುಳಿದಂತೆ ಹಿಂಗಾಲನ್ನು ಮೆಲ್ಲಗೆ ಮಡಚಿ ಬಿಡಿಸಿ, ಒಂದೊಂದಕ್ಕೆ ಹತ್ತು ಹದಿನೈದು ಸಲ, ದಿನಕ್ಕೆರಡು ಹೊತ್ತು. ನೋವೆಂದು ಮುಖ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಿ. ಡಿಸೆಂಬರ್ ಚಳಿಗೆ ಕೀಲು ಬಿಗಿದಾಗ ಕಲ್ಲುಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಡಬಹುದು. ಮೊದಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡಿ. ಕಾಲಿನಲ್ಲಿ ಸ್ಪರ್ಶವೇ ಇಲ್ಲದ ನಾಯಿಗೆ ಕಾವು ಬೇಡ. ಸುಟ್ಟರೂ ಅದು ಹೇಳುವುದಿಲ್ಲ.

ನೀರಿನಲ್ಲಿ ಈಜಾಡಿಸಿದರೆ ಒಳ್ಳೆಯದೆಂದು ಕೇಳಿ ಯಾರೋ ಕಾಲುವೆಗೆ ಇಳಿಸಲು ಹೊರಟಿದ್ದರು. ತುಂಗಭದ್ರೆಯ ಕಾಲುವೆಗಳಿಗೆ ಇಳಿಜಾರು ಕಾಂಕ್ರೀಟ್ ದಡ, ನೀರಿನ ಸೆಳೆತವೂ ಜೋರು. ಗಟ್ಟಿ ನಾಯಿಗೇ ಹತ್ತಲಾಗುವುದಿಲ್ಲ. ಆ ಸಾಹಸ ಖಂಡಿತ ಬೇಡ.

ಬಿಸಿಲು, ನೊಣ, ಉಣ್ಣಿ

ಬಳ್ಳಾರಿ ಸೀಮೆಯ ಮೇ ತಿಂಗಳು 42, 43 ಡಿಗ್ರಿ ಮುಟ್ಟುವುದು ಎಲ್ಲರಿಗೂ ಗೊತ್ತು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತೇಕಿ ನಾಲಿಗೆಯಿಂದಲೇ ತಣ್ಣಗಾಗಬೇಕು. ನನ್ನ ತಪ್ಪಿನ ನಂತರ ನಾನು ಮರವನ್ನು ನಂಬುವುದು ಬಿಟ್ಟಿದ್ದೇನೆ. ಹಗಲಿಡೀ ಸರಿಯದ ನೆರಳೆಂದರೆ ಸೂರು ಮಾತ್ರ. ತಗಡಿನ ಸೂರಲ್ಲ, ಅದು ಒಲೆ. ಹೊರಗೆ ಮಲಗಿಸಿದರೆ ಗಂಟೆಗೊಮ್ಮೆ ನೋಡುವವರು ಮನೆಯಲ್ಲಿರಬೇಕು. ನೀರನ್ನು ತಲೆ ತಿರುಗಿಸಿದರೆ ಮೂತಿ ಮುಟ್ಟುವಲ್ಲಿ ಇಡಿ, ಎರಡು ಕಡೆ ಇಡಿ, ಮಣ್ಣಿನ ಅಗಲ ಬೋಗುಣಿಯಾದರೆ ಉರುಳುವುದಿಲ್ಲ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದರೆ ಕೋಣೆ ತಂಪಾಗುತ್ತದೆ. ಹೊರಗೆ ಕರೆದೊಯ್ಯುವುದು ಬೆಳಗ್ಗೆ ಏಳರೊಳಗೆ, ಸಂಜೆ ಏಳರ ಮೇಲೆ. ರಸ್ತೆಗೆ ನಿಮ್ಮ ಅಂಗೈಯ ಹಿಂಭಾಗ ಇಟ್ಟು ಏಳು ಎಣಿಸಿ. ತಡೆಯಲಾಗದಿದ್ದರೆ ಅದರ ಪಂಜಕ್ಕೂ ತಡೆಯಲಾಗದು.

ನಾಯಿಯ ಮೈಶಾಖ ಸಹಜವಾಗಿ 101ರಿಂದ 102.5 ಫ್ಯಾರನ್‌ಹೀಟ್. 104 ದಾಟಿ ತೇಕುತ್ತಾ, ಜೊಲ್ಲು ಸುರಿಸುತ್ತಾ, ತೂಕಡಿಸಿದಂತಿದ್ದರೆ ಬಿಸಿಲ ಹೊಡೆತ. ಹೊಟ್ಟೆ, ತೊಡೆಸಂದಿ, ಪಂಜಕ್ಕೆ ನಲ್ಲಿಯ ಸಾಮಾನ್ಯ ನೀರು ಸುರಿಯಿರಿ, ಗಾಳಿ ಹಾಕಿ, ಹಾಗೇ ಡಾಕ್ಟರ ಬಳಿ ಹೊರಡಿ. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಬೇಡಿ, ಬಲವಂತವಾಗಿ ಬಾಯಿಗೆ ನೀರು ಹಾಕಬೇಡಿ.

ಮಲಗಿದ ನಾಯಿಗೆ ಬಿಸಿಲಿನಷ್ಟೇ ಅಪಾಯ ನೊಣ. ಉಚ್ಚೆ ತಾಗಿದ ಚರ್ಮ, ಬಾಲದ ಬುಡ, ಸಣ್ಣ ಗಾಯ, ಅಲ್ಲಿ ನೊಣ ಕೂತು ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಬೆಳಗ್ಗೆ ಸಂಜೆ ಬಾಲ ಎತ್ತಿ ನೋಡುವುದು ಊಟ ಹಾಕಿದಷ್ಟೇ ಮುಖ್ಯ. ಹಿಂಭಾಗದ ಕೂದಲು ಗಿಡ್ಡ ಮಾಡಿ, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ, ಗಾಯವಿಲ್ಲದ ಚರ್ಮಕ್ಕೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದರೆ ಉಚ್ಚೆ ಅಂಟುವುದಿಲ್ಲ. ಹುಳ ಬಿದ್ದ ಗಾಯಕ್ಕೆ ನುಸಿಗುಳಿಗೆ ಪುಡಿ ಹಾಕುವ ರೂಢಿಯಿದೆ, ಬೇಡ. ನಾಯಿ ನೆಕ್ಕುತ್ತದೆ, ಅದು ವಿಷ. ಡಾಕ್ಟರು ಹುಳ ತೆಗೆದು ಔಷಧ ಹಾಕುತ್ತಾರೆ.

ಉಣ್ಣಿಗೂ ಇದೇ ಮಾತು. ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ ನಮ್ಮದು, ಮನೆಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ ಬಾಟಲಿ ಇರುತ್ತದೆ. ಒಂದು ಮುಚ್ಚಳ ನೀರಿಗೆ ಬೆರೆಸಿ ನಾಯಿಯ ಮೈಗೆ ಹಚ್ಚಿದರೆ ಉಣ್ಣಿ ಸಾಯುವುದು ನಿಜ, ನಾಯಿಯೂ ಸಾಯುತ್ತದೆ. ಕುರುಗೋಡು ಕಡೆಯ ನೆಂಟರೊಬ್ಬರ ಹೊಲದ ನಾಯಿ ಹಾಗೇ ಜೊಲ್ಲು ಸುರಿಸಿ ಒದ್ದಾಡಿ ಸತ್ತಿತು. ಅವರು ಅದನ್ನು ಕೊಲ್ಲಬೇಕೆಂದು ಮಾಡಿದ್ದಲ್ಲ. ನಾಯಿಗೆಂದೇ ಇರುವ ಔಷಧ ತೂಕಕ್ಕೆ ತಕ್ಕಂತೆ ತನ್ನಿ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ದಿನಾ ಬೆರಳಾಡಿಸಿ ನೋಡಿ. ಕಾಲಿಲ್ಲದ ನಾಯಿ ಕೆರೆದುಕೊಳ್ಳಲಾರದು ಎಂಬುದನ್ನು ನಾವು ಮರೆಯುತ್ತೇವೆ.

ಊಟ

ತೂಕ ಹೆಚ್ಚಾದರೆ ಸೋತ ಕಾಲಿಗೆ ಇನ್ನೊಂದು ಮೂಟೆ ಹೊರಿಸಿದಂತೆ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮಮತೆಯಿಂದ ಬಿಸ್ಕತ್ತು ಹಾಕುವವರನ್ನು ನಿಲ್ಲಿಸುವುದೇ ನನಗೆ ಕಷ್ಟವಾಯಿತು, ಓಣಿಯ ಮಕ್ಕಳೆಲ್ಲ ಅವಳ ಗೆಳೆಯರು. ಈಗ ಬಿಸ್ಕತ್ತಿನ ಬದಲು ಬೇಯಿಸಿದ ಗಜ್ಜರಿ ತುಂಡು ಅವರ ಕೈಗೇ ಕೊಡುತ್ತೇನೆ.

ಹಲ್ಲು ಸವೆದ ನಾಯಿಗೆ ಜೋಳದ ರೊಟ್ಟಿಯನ್ನು ಕೋಳಿ ಬೇಯಿಸಿದ ಉಪ್ಪಿಲ್ಲದ ನೀರಿನಲ್ಲಿ ನೆನೆಸಿ ಹಿಸುಕಿ ಕೊಡಬಹುದು, ಜೊತೆಗೆ ಮೊಟ್ಟೆ ಅಥವಾ ಮೂಳೆಯಿಲ್ಲದ ಮಾಂಸ. ಮುಪ್ಪಿನಲ್ಲಿ ಸ್ನಾಯು ಕರಗುತ್ತದೆ, ಬರೀ ಅನ್ನ ಹಾಲು ಸಾಲದು. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಡಾಕ್ಟರು ಹೇಳಿದ ಅಳತೆ. ಮಲಬದ್ಧತೆಗೆ ಬೇಯಿಸಿದ ಕುಂಬಳಕಾಯಿ ಎರಡು ಚಮಚ ಸಾಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸುತ್ತವೆ. ಹಾಗಾಗಿ ನಮ್ಮ ಸಾರು, ಮಂಡಕ್ಕಿ ಒಗ್ಗರಣೆ ಅದಕ್ಕಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಎಲುಬು ಕೂಡದು. ತಿನ್ನಿಸುವಾಗ ಎದೆಯ ಮೇಲೆ ಕೂರಿಸಿ, ಪಕ್ಕಕ್ಕೆ ದಿಂಬು ಕೊಡಿ. ಮಗ್ಗುಲಾಗಿ ಮಲಗಿ ತಿಂದರೆ ನೆತ್ತಿಗೇರುತ್ತದೆ. ನಿಂತು ತಿನ್ನುವ ನಾಯಿಯಾದರೆ ತಟ್ಟೆಯ ಕೆಳಗೆ ಎರಡು ಇಟ್ಟಿಗೆ ಇಡಿ, ಕುತ್ತಿಗೆ ಬಗ್ಗಿಸುವ ಕಷ್ಟ ತಪ್ಪುತ್ತದೆ.

ಮೂಗಿಗೆ ಮುಪ್ಪು ಬಂದಿಲ್ಲ

ಇಲ್ಲಿಯವರೆಗೆ ಹೇಳಿದ್ದು ನೋವು ತಪ್ಪಿಸುವ ಮಾತು. ನೋವಿಲ್ಲದೆ ಮಲಗಿರುವುದೇ ಬದುಕಲ್ಲ. ಮೊದಲ ಮೂರು ತಿಂಗಳು ಕೆಂಚಿಗೆ ಊಟ, ಔಷಧ, ಹಾಸಿಗೆ ಎಲ್ಲ ಸಿಕ್ಕರೂ ಅವಳು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಅವಳ ಕಾಲು ಮಾಡುತ್ತಿದ್ದ ಒಂದು ದೊಡ್ಡ ಕೆಲಸ ನನಗೆ ಹೊಳೆದೇ ಇರಲಿಲ್ಲ: ಮೂಗನ್ನು ಹೊತ್ತು ಊರು ಸುತ್ತಿಸುವುದು.

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ಸುಮಾರು 50–60 ಲಕ್ಷ, ನಾಯಿಯ ಮೂಗಿನಲ್ಲಿ ಕೋಟಿಗಟ್ಟಲೆ. ಕಣ್ಣು ಮಂಜಾಗಿ ಕಿವಿ ಮಂದವಾದ ನಾಯಿಯಲ್ಲೂ ಮೂಗು ಬಹುಕಾಲ ಚುರುಕಾಗಿರುತ್ತದೆ. ಬೀದಿಯಲ್ಲೇ ಬೆಳೆದ ನಾಯಿಗೆ ಓಣಿಯ ಪ್ರತಿ ಕಂಬ, ಪ್ರತಿ ಗಟಾರದ ಸುದ್ದಿ ದಿನಾ ಬೇಕು. ಅದನ್ನು ನಾಲ್ಕು ಗೋಡೆಯೊಳಗೆ ತಂದು ಮಲಗಿಸಿ ಉಳಿಸಿದೆವು ಅಂದುಕೊಂಡರೆ ಅರ್ಧ ಮಾತ್ರ ಉಳಿಸಿದಂತೆ.

ಹಾಗಾಗಿ ಊರನ್ನೇ ಬುಟ್ಟಿಯಲ್ಲಿ ಮನೆಗೆ ತರಲು ಶುರು ಮಾಡಿದೆ. ಕುರಿ ಹಿಂಡು ದಾಟಿದ ದಾರಿಯ ಒಂದು ಹಿಡಿ ಮಣ್ಣು, ದನದ ಕೊಟ್ಟಿಗೆಯ ಹುಲ್ಲು, ಮೊದಲ ಮಳೆಗೆ ನೆನೆದ ಎರೆಮಣ್ಣಿನ ಹೆಂಟೆ, ಬೇವಿನ ಹೂವು ಉದುರಿದ ಕಸ. ದಿನಕ್ಕೊಂದು ಸಾಕು. ಔಷಧ ಹೊಡೆದ ಹೊಲದ್ದು, ಬೇರೆ ರೋಗಿ ನಾಯಿಯ ಹೇಲು ತಾಗಿದ್ದು ಮಾತ್ರ ತರಬೇಡಿ. ಕುರಿ ದಾರಿಯ ಮಣ್ಣು ಇಟ್ಟ ದಿನ ಅವಳು ಮಾಡಿದ್ದನ್ನು ಹೇಳಲೇಬೇಕು. ಮೊದಲು ಮೂತಿ ಎತ್ತಲಿಲ್ಲ, ಮೂಗಿನ ಹೊಳ್ಳೆ ಮಾತ್ರ ಅಲುಗಿತು. ಆಮೇಲೆ ಮುಂಗಾಲು ಚಾಚಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಕಣ್ಣು ಅರೆ ಮುಚ್ಚಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮೂಸುತ್ತಾ ಹೋದಳು, ಪತ್ರ ಓದುವವರ ಹಾಗೆ. ಬಾಲದ ತುದಿ ಎರಡು ಸಲ ನೆಲಕ್ಕೆ ಬಡಿಯಿತು. ಹಿಂಗಾಲಿಗೆ ಬಲವಿಲ್ಲ ಅಂದಿದ್ದರು, ಬಾಲಕ್ಕೆ ಇತ್ತು.

ಊಟದ ಒಂದು ಪಾಲನ್ನು ಹುಡುಕಿಸಿ ತಿನ್ನಿಸಿ. ಕೌದಿಯ ಮಡಿಕೆಯಲ್ಲಿ ಮೊಟ್ಟೆಯ ಚೂರು ಬಚ್ಚಿಡಿ, ಹಳೆ ಟವೆಲಿನಲ್ಲಿ ಸುತ್ತಿ ಕೊಡಿ. ಹತ್ತು ನಿಮಿಷ ಹುಡುಕಿ ತಿಂದ ನಾಯಿ ಅರ್ಧ ಗಂಟೆ ನಡೆದು ಬಂದಂತೆ ದಣಿದು ಸುಖವಾಗಿ ನಿದ್ದೆ ಮಾಡುತ್ತದೆ.

ಜನ ನೋಡುವುದೂ ಬೇಕು. ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ಹಾಸಿ ಕೂರಿಸುತ್ತೇನೆ, ಬೀಳದಂತೆ ಅಂಚಿಗೆ ದಿಂಬು. ಶಾಲೆ ಬಿಟ್ಟ ಮಕ್ಕಳು ನಿಲ್ಲುತ್ತಾರೆ. ಅವರಿಗೆ ಎರಡು ನಿಯಮ ಕಲಿಸಿದ್ದೇನೆ: ಹಿಂದಿನಿಂದ ಮುಟ್ಟಬಾರದು, ಮಲಗಿದ್ದರೆ ಮೊದಲು ನೆಲ ತಟ್ಟಿ ಎಬ್ಬಿಸಬೇಕು. ಕಿವಿ ಕೇಳದ ನಾಯಿ ಬೆಚ್ಚಿದರೆ ಕಚ್ಚುತ್ತದೆ, ಅದು ಸಿಟ್ಟಲ್ಲ, ಹೆದರಿಕೆ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಮಲಗಿದ ನಾಯಿಗೂ ವರ್ಷ ತಪ್ಪದೆ ಹಾಕಿಸಿ. ಬೀದಿಯ ಬೇರೆ ನಾಯಿಗಳು ಬಂದು ಮೂಸಿ ಹೋಗುತ್ತವೆ, ಒಂದೆರಡು ಹಳೆಯ ಗೆಳೆತನದವು. ನಾನು ಪಕ್ಕದಲ್ಲಿಲ್ಲದೆ ಅವನ್ನು ಬಿಡುವುದಿಲ್ಲ. ಓಡಲಾರದ ನಾಯಿಯ ಮೇಲೆ ಗುಂಪು ಬಿದ್ದರೆ ಅದು ಪಾರಾಗಲಾರದು.

ಇನ್ನು ಸವಾರಿ. 2022ರಲ್ಲಿ ಬಂದ '777 ಚಾರ್ಲಿ' ಚಿತ್ರದಲ್ಲಿ ಕಾಯಿಲೆಯ ನಾಯಿಗೆ ಹಿಮ ತೋರಿಸಲು ಧರ್ಮ ಅಷ್ಟು ದೂರ ಹೋಗುತ್ತಾನೆ. ನೋಡಿ ಅತ್ತವರಲ್ಲಿ ನಾನೂ ಒಬ್ಬಳು. ಕೆಂಚಿಗೆ ಊರ ಹೊರಗಿನ ಅರ್ಧ ಕಿಲೊಮೀಟರ್ ಸಾಕು. ಟಿವಿಎಸ್ ಎಕ್ಸ್‌ಎಲ್ ಗಾಡಿಯ ಮುಂದೆ ಕಾಲಿಡುವ ಜಾಗದಲ್ಲಿ ಟೊಮೆಟೊ ಕ್ರೇಟ್ ಬಿಗಿದು ಕಟ್ಟಿ, ಒಳಗೆ ಕೌದಿ ಹಾಸಿದ್ದೇನೆ. ಎದೆಪಟ್ಟಿಯನ್ನು ಕ್ರೇಟಿಗೆ ಗಿಡ್ಡದಾಗಿ ಕಟ್ಟುತ್ತೇನೆ, ಕುತ್ತಿಗೆ ಪಟ್ಟಿಗೆ ಎಂದೂ ಕಟ್ಟಬಾರದು. ಹೆದ್ದಾರಿಗೆ ಹೋಗುವುದಿಲ್ಲ, ಹೊಲದ ದಾರಿ, ನಡೆಯುವಷ್ಟೇ ವೇಗ. ಊರಾಚೆ ಬೂದಿದಿಬ್ಬ ಇದೆ, ಸಾವಿರಾರು ವರ್ಷದ ಹಿಂದೆ ದನಗಾಹಿಗಳು ಸಗಣಿಯ ರಾಶಿ ಸುಟ್ಟು ಸುಟ್ಟು ಬೆಳೆದದ್ದು. ಆ ದನಗಳ ಜೊತೆ ನಾಯಿಗಳೂ ಇದ್ದಿರಬೇಕು ಅಂತ ನನ್ನ ಊಹೆ. ಅತ್ತ ಹೋಗುವ ದಾರಿಯಲ್ಲಿ ಇಳಿಸಿ, ಪಟ್ಟಿ ಹಾಕಿ ಹಿಡಿದು ನಿಲ್ಲುತ್ತೇನೆ. ಎಲ್ಲಿ ಎಷ್ಟು ಹೊತ್ತು ಎನ್ನುವುದು ಅವಳದೇ ತೀರ್ಮಾನ. ಒಂದೇ ಕಲ್ಲಿನ ಹತ್ತಿರ ಐದು ನಿಮಿಷ ನಿಂತರೂ ಎಳೆಯುವುದಿಲ್ಲ.

ಮುಂಗಾಲು ಗಟ್ಟಿಯಿರುವ ನಾಯಿಗೆ ಹಿಂಬದಿ ಚಕ್ರದ ಗಾಡಿ ಹಾಕಿಸಬಹುದು. ಪಿವಿಸಿ ಪೈಪು, ಮಕ್ಕಳ ಸೈಕಲ್ಲಿನ ಎರಡು ಚಕ್ರ, ಹೊಂದಿಸಬಲ್ಲ ಒಬ್ಬ ವೆಲ್ಡಿಂಗಿನವರು ಇದ್ದರೆ ಊರಲ್ಲೇ ಆಗುತ್ತದೆ. ನಾಯಿ ನಿಂತಾಗ ತೊಡೆಸಂದಿಯಿಂದ ನೆಲಕ್ಕೆ ಎಷ್ಟು, ಸೊಂಟದ ಅಗಲ ಎಷ್ಟು, ಹೆಗಲಿನಿಂದ ಬಾಲದ ಬುಡಕ್ಕೆ ಎಷ್ಟು, ಮೂರು ಅಳತೆ ಬೇಕು. ಡಾಕ್ಟರು ಆಗಬಹುದು ಎಂದ ಮೇಲೆಯೇ ಹಾಕಿ. ಮೊದಲು ಐದು ನಿಮಿಷ, ಮೆಲ್ಲಗೆ ಇಪ್ಪತ್ತರವರೆಗೆ. ಗಾಡಿಯಲ್ಲಿ ನಾಯಿ ಮಲಗಲಾರದು, ಕಟ್ಟಿ ಬಿಟ್ಟು ಹೋಗಬಾರದು. ಕೆಂಚಿಗೆ ಮುಂಗಾಲಿಗೂ ಸವೆತ ಇರುವುದರಿಂದ ನಾವು ಹಾಕಲಿಲ್ಲ.

ಕ್ಯಾಲೆಂಡರ್

ಇಷ್ಟು ಮಾಡಿದರೂ ಒಂದು ದಿನ ಬರುತ್ತದೆ. ಅದು ಬಂದಿದೆಯೋ ಇಲ್ಲವೋ ತಿಳಿಯುವುದು ಮನೆಯವರಿಗೇ ಕಷ್ಟ, ದಿನಾ ನೋಡುವ ಕಣ್ಣಿಗೆ ಇಳಿತ ಕಾಣುವುದಿಲ್ಲ. ನಮ್ಮ ಡಾಕ್ಟರು ಒಂದು ಉಪಾಯ ಹೇಳಿಕೊಟ್ಟರು. ಗೋಡೆಯ ಕ್ಯಾಲೆಂಡರಿನಲ್ಲಿ ರಾತ್ರಿ ಮಲಗುವ ಮುನ್ನ ಗುರುತು ಹಾಕಬೇಕು. ತಾನಾಗಿ ಉಂಡಳೇ, ನೋವಿಲ್ಲದೆ ನಿದ್ದೆ ಮಾಡಿದಳೇ, ಯಾವುದಕ್ಕಾದರೂ ಬಾಲ ಆಡಿಸಿದಳೇ, ಈ ಮೂರರಲ್ಲಿ ಎರಡಕ್ಕೆ ಹೌದು ಎಂದರೆ ಸೊನ್ನೆ, ಇಲ್ಲವಾದರೆ ಅಡ್ಡಗೆರೆ. ತಿಂಗಳಲ್ಲಿ ಅಡ್ಡಗೆರೆಗಳು ಸೊನ್ನೆಗಳನ್ನು ಮೀರಿದಾಗ, ಔಷಧ ಬದಲಿಸಿದರೂ ಇಳಿಯದಾಗ, ದಯಾಮರಣದ ಮಾತನ್ನು ಡಾಕ್ಟರ ಜೊತೆ ಆಡಬೇಕು. ಮೊದಲು ನಿದ್ದೆ ಬರಿಸಿ ಆಮೇಲೆ ಕೊಡುವ ಚುಚ್ಚುಮದ್ದಿನಲ್ಲಿ ನೋವಿರುವುದಿಲ್ಲ. ಆಸ್ಪತ್ರೆಯ ಮೇಜಿಗಿಂತ ಅದರದೇ ಹಾಸಿಗೆಯ ಮೇಲೆ, ತಲೆ ನಮ್ಮ ತೊಡೆಯ ಮೇಲಿದ್ದು ಆಗುವಂತೆ ಮುಂಚೆಯೇ ಕೇಳಿಕೊಳ್ಳಿ. ಗುಂಡಿ ಎಲ್ಲಿ ತೋಡುವುದು ಎಂಬುದನ್ನೂ ಆ ದಿನಕ್ಕೆ ಉಳಿಸಬೇಡಿ. ಆಳ ತೋಡಿ, ಬೇರೆ ಪ್ರಾಣಿ ಕೆದಕಬಾರದು.

ನಾಯಿಗಾಗಿ ಇಷ್ಟೆಲ್ಲವೇ ಎಂದು ಕೇಳುವವರಿಗೆ ನಾನು ಆತಕೂರಿನ ಮಾತು ಹೇಳುತ್ತೇನೆ. ಕ್ರಿ.ಶ. 950ರ ಸುಮಾರಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಮಣಲೇರ ಎಂಬ ವೀರ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಅದು ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತಾಗ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಅದಕ್ಕೆ ಪೂಜೆ ನಡೆಯಬೇಕೆಂದು ಬರೆಸಿ, ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಹಂದಿಯನ್ನು ಕೊಂದ ನಾಯಿ, ಕೆಂಚಿ ಏನನ್ನೂ ಗೆದ್ದವಳಲ್ಲ. ಹತ್ತು ವರ್ಷ ನಮ್ಮ ಓಣಿಯ ಬಾಗಿಲು ಕಾದಳು, ಅಷ್ಟೆ.

ಈ ತಿಂಗಳು ಕ್ಯಾಲೆಂಡರಿನಲ್ಲಿ ಇಂದಿನವರೆಗೆ ಹತ್ತೊಂಬತ್ತು ಸೊನ್ನೆ, ನಾಲ್ಕು ಅಡ್ಡಗೆರೆ. ನಿನ್ನೆಯದನ್ನು ಎದುರು ಮನೆಯ ಅಜ್ಜಿ ತಾವೇ ಬರೆದರು. ಸಂಜೆ ಕಟ್ಟೆಯ ಮೇಲೆ ಕೂತು ಅವರ ಸೆರಗನ್ನು ಕೆಂಚಿ ಬಹಳ ಹೊತ್ತು ಮೂಸಿದಳಂತೆ. ಅಜ್ಜಿ ಅವತ್ತು ಮೈಲಾರದಿಂದ ಬಂದಿದ್ದರು, ಸೆರಗಿನ ತುಂಬ ಭಂಡಾರದ ವಾಸನೆ ಇತ್ತು.